ಲಿಟಲ್ ಮೋರ್ಟನ್ ಹಾಲ್ ಮಾದರಿ: ದಕ್ಷಿಣ ಭಾಗದ ಒಂದು ಅಂಕಣ, ಚೌಕಟ್ಟಿನ ಹಂತ

ಇಂಗ್ಲೆಂಡಿನ ಚೆಷೈರ್‌ನಲ್ಲಿರುವ, ಓಕ್ ಮರದ ಚೌಕಟ್ಟಿನ ಈ ಹಳೆಯ ಮನೆಯ ದಕ್ಷಿಣ ಭಾಗದಿಂದ ಒಂದೇ ಅಂಕಣ (ಕಂಬಗಳ ನಡುವಿನ ಒಂದು ಖಾನೆ), 1:10 ಅಳತೆಯಲ್ಲಿ. 25 ಸೆಂ.ಮೀ. ಕಂಬ ಇಲ್ಲಿ 25 ಮಿ.ಮೀ. ಇದಕ್ಕಿಂತ ಚಿಕ್ಕದಾದರೆ ಕೀಲುಗಳನ್ನು ಉಳಿಯಲ್ಲಿ ಕೊರೆಯಲಾಗದು. ಕೀಲಿಲ್ಲದೆ ಅಂಟಿನಲ್ಲೇ ನಿಲ್ಲಿಸಿದ ಚೌಕಟ್ಟು ಈ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮರ: ನೇರ ಎಳೆಯ ಹಳೆಯ ತೇಗ. ಕಾಫಿ ತೋಟದ ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್; ಬೇರೆಯೇ ಕುಲದ ಮೆದು ಮರ, ಇಲ್ಲಿ ಬೇಡ.

ಕಂಬ ಮತ್ತು ತೊಲೆಗಳ ಕೀಲು ಮುಗಿದಿವೆ. ಗೂಟಗಳು 2.5 ಮಿ.ಮೀ. ಬಿದಿರಿನವು, ತುದಿ ಚೂಪು. ತೊಲೆಯ ನಾಲಿಗೆಯಲ್ಲಿರುವ (ಕಂಬದ ಕುಳಿಯೊಳಗೆ ಕೂರುವ ತುದಿ) ತೂತನ್ನು ಕಂಬದ ತೂತಿಗಿಂತ ನಾಲಿಗೆಯ ಬುಡದ ಕಡೆಗೆ 0.3 ಮಿ.ಮೀ. ಸರಿಸಿ ಕೊರೆಯಬೇಕು, ಗೂಟ ಬಡಿದಾಗ ತೊಲೆ ಕಂಬಕ್ಕೆ ಎಳೆದುಕೊಂಡು ಕೂರುತ್ತದೆ. ಅರ್ಧ ಮಿ.ಮೀ. ಸರಿಸಿದರೆ ನಾಲಿಗೆಯ ತುದಿ ಸೀಳುತ್ತದೆ. ಹಸಿ ಓಕ್‌ನಲ್ಲಿ ಕಟ್ಟುತ್ತಿದ್ದ ಬಡಗಿಗಳಿಗೆ ಈ ಎಳೆತ ಅನಿವಾರ್ಯವಾಗಿತ್ತು. ಮರ ಒಣಗಿ ಕುಗ್ಗಿದರೂ ಕೀಲು ಸಡಿಲವಾಗಬಾರದಲ್ಲ. ಪ್ರತಿ ಕೀಲನ್ನೂ ಅದರ ಜೋಡಿಗೇ ಕೆತ್ತಿರುವುದರಿಂದ ಎರಡೂ ತುಂಡುಗಳ ಮೇಲೆ ಒಂದೇ ಗುರುತು ಕೊರೆಯಬೇಕು. ನಾಲ್ಕಕ್ಕೆ ನಾಲ್ಕು ಗೀರನ್ನೇ ಹಾಕಿ: ರೋಮನ್ ನಾಲ್ಕು (IV) ತಲೆಕೆಳಗಾದರೆ ಆರರಂತೆ (VI) ಕಾಣುತ್ತದೆ.

ಮುಂಚಾಚಿನ, ಅಂದರೆ ಕೆಳಗಿನ ಗೋಡೆಗಿಂತ ಹೊರಗೆ ಚಾಚಿದ ಮೇಲಂತಸ್ತಿನ, ಜಂತೆಗಳು ಕೆಳಗೋಡೆಯಿಂದ 45 ಮಿ.ಮೀ. ಹೊರಗೆ ಬಂದಿವೆ. ಮೇಲ್ಗೋಡೆಯ ಅಡಿತೊಲೆ ಈ ತುದಿಗಳ ಮೇಲೆಯೇ ಕೂರುತ್ತದೆ. ಆ ಭಾರದಿಂದ ಜಂತೆಯ ನಡುಭಾಗ ಜಗ್ಗುವುದು ತಗ್ಗುತ್ತದೆ.

ಈಗ ಕಷ್ಟದ ಭಾಗ, ಬಾಗು. ಮನೆಯ ನೆತ್ತಿಯ ಮೇಲೆ ಸುಮಾರು 21 ಮೀಟರ್ ಉದ್ದದ ಗ್ಯಾಲರಿ, ಅದರ ಮೇಲೆ ಒರಟು ಮರಳುಗಲ್ಲಿನ ಚಪ್ಪಡಿ ಹೊದಿಕೆ. ಆ ತೂಕಕ್ಕೆ ಕೆಳಗಿನ ಅಂತಸ್ತುಗಳು ಬಾಗಿ ತಿರುಚಿವೆ. ಮಾದರಿ ತಾನಾಗಿ ಹೀಗೆ ಬಾಗದು: ಅಳತೆ ಹತ್ತನೇ ಒಂದಾದಾಗ ತೂಕ ಸಾವಿರದ ಒಂದು ಪಾಲಾಗುತ್ತದೆ, ತೊಲೆಯ ಅಡ್ಡಕೊಯ್ತ ನೂರರ ಒಂದು ಪಾಲು ಮಾತ್ರ. ಹಾಗಾಗಿ ಬಾಗನ್ನು ಕೆತ್ತಿಯೇ ತರಬೇಕು. ತೊಲೆಯನ್ನು ಹಬೆಯಲ್ಲಿ ಬಗ್ಗಿಸಿದರೆ ಕೀಲಿನ ಕೋನ ಕೆಡುತ್ತದೆ; ನಾಲಿಗೆಯ ಭುಜವನ್ನೇ (ಅದರ ಬುಡದಲ್ಲಿ ಕಂಬಕ್ಕೆ ಒತ್ತಿ ಕೂರುವ ಅಂಚು) ಓರೆಯಾಗಿ ಕತ್ತರಿಸುವುದು ಒಳ್ಳೆಯದು.

ಗೋಡೆಗೆ ಬಿದಿರು ತಡಿಕೆ, ಮೇಲೆ ಸೋಸಿದ ಮಣ್ಣು, ಕತ್ತರಿಸಿದ ನಾರು, ಕೊನೆಗೆ ಸುಣ್ಣ. ಒಂದೇ ಸಲ 2 ಮಿ.ಮೀ. ಮೀರಿ ಮೆತ್ತಿದರೆ ಬಿರುಕು ಖಚಿತ. ಮರಕ್ಕೆ ಕಪ್ಪು ಬಳಿಯುವುದಿಲ್ಲ. ಇಂದು ಕಾಣುವ ಕಡುಗಪ್ಪು ಬಹುಮಟ್ಟಿಗೆ 19ನೇ ಶತಮಾನದ ರೂಢಿ. ಬಳಿಯದ ಓಕ್ ಬೂದುಬಣ್ಣಕ್ಕೆ ತಿರುಗುತ್ತದೆ, ಅದೇ ಚೆಂದ.

ಮುಂದೆ ಚಾವಣಿ: ಸೂರಿನ ಸಾಲಿಗೆ ದೊಡ್ಡ ಚಪ್ಪಡಿ, ನೆತ್ತಿಗೇರಿದಂತೆ ಚಿಕ್ಕವು.