ಶೇ. 58.8 ನೋಡಿ ಕೊಟ್ಟ ರ‍್ಯಾಂಕ್

2020ರ ಬೇಸಿಗೆ. ಎನ್‌ಎಫ್‌ಎಲ್‌ನ (ಅಮೆರಿಕನ್ ಫುಟ್‌ಬಾಲ್ ಲೀಗ್) ಎಳೆಯ ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ಚೆಂಡು ಎಸೆದು ಆಟ ನಡೆಸುವವರ, ರ‍್ಯಾಂಕಿಂಗ್ ಶೀಟ್ ರಾತ್ರಿ ಹನ್ನೊಂದಕ್ಕೆ ಲಾಕ್ ಆಗಬೇಕಿತ್ತು. ಬಫಲೋ ಬಿಲ್ಸ್‌ನ ಜಾಶ್ ಆಲನ್‌ನನ್ನು ಕೊನೆಯ ಗುಂಪಿಗೆ ಹಾಕಿದ್ದೆ. ಕಾಲ್‌ನಲ್ಲಿದ್ದ ಲೀಡ್ ಒಂದೇ ಮಾತು ಕೇಳಿದರು: "ಈ ಇನ್‌ಕಂಪ್ಲೀಟ್‌ಗಳಲ್ಲಿ (ಜೊತೆಗಾರ ಹಿಡಿಯದ ಎಸೆತಗಳಲ್ಲಿ) ಅವನ ತಪ್ಪು ಎಷ್ಟು? ಕ್ಲಿಪ್ ತೋರಿಸು."

ಹತ್ತು ನಿಮಿಷ ತಡಕಾಡಿದೆ. ಟೂಲ್‌ನಲ್ಲಿ ಥ್ರೋಅವೇ (ಬೇಕೆಂದೇ ಹೊರಗೆ ಎಸೆದದ್ದು), ಡ್ರಾಪ್ (ಜೊತೆಗಾರನ ಕೈಗೆ ಬಂದು ಜಾರಿದ್ದು), ಲೈನ್‌ನಲ್ಲೇ ಎದುರಾಳಿಯ ಕೈಗೆ ಬಡಿದ ಚೆಂಡು, ಎಲ್ಲವೂ ಒಂದೇ ಫಿಲ್ಟರ್‌ನಲ್ಲಿ. ಬೇರೆ ಮಾಡಿಕೊಡಿ ಎಂದು ಎರಡು ಸಲ ಟಿಕೆಟ್ ಹಾಕಿದ್ದರೂ ಆಗಿರಲಿಲ್ಲ. ಆದರೆ ಆಲ್-22, ಅಂದರೆ 22 ಆಟಗಾರರೂ ಕಾಣುವ ವಿಡಿಯೊ, ನನ್ನ ಕೈಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಉತ್ತರ ಕೊಡಲಾಗಲಿಲ್ಲ, ಶೀಟ್ ಹಾಗೇ ಲಾಕ್ ಆಯಿತು.

ನಾನು ಹಿಡಿದು ಕೂತಿದ್ದ ಲೆಕ್ಕ ಇಷ್ಟೇ: 2018ರಲ್ಲಿ 320 ಎಸೆತಕ್ಕೆ 169 ಕಂಪ್ಲೀಷನ್ (ಜೊತೆಗಾರ ಹಿಡಿದದ್ದು), ಶೇ. 52.8. 2019ರಲ್ಲಿ 461ಕ್ಕೆ 271, ಶೇ. 58.8. ಜೊತೆಗೆ ಹ್ಯೂಸ್ಟನ್‌ನ ಪ್ಲೇಆಫ್ ಪಂದ್ಯ ಕಣ್ಣಿಗೆ ಕಟ್ಟಿತ್ತು. 16–0 ಮುಂದಿದ್ದು ಓವರ್‌ಟೈಮ್‌ನಲ್ಲಿ 22–19ಕ್ಕೆ ಸೋತದ್ದು, ಕೊನೆಗಳಿಗೆಯಲ್ಲಿ ಅವನು ಹಿಂದೆಮುಂದೆ ನೋಡದೆ ಚೆಂಡನ್ನು ಪಕ್ಕಕ್ಕೆ ಎಸೆದದ್ದು. ಆ ಒಂದು ಸಂಜೆ ನನ್ನ ಶೀಟ್‌ನಲ್ಲಿ ಇಡೀ ಸೀಸನ್ನಿನಷ್ಟು ತೂಗಿತು.

2020ರಲ್ಲಿ ಅವನು 572ಕ್ಕೆ 396 ಮುಟ್ಟಿಸಿದ. ಶೇ. 69.2, 37 ಟಚ್‌ಡೌನ್ ಪಾಸ್. ಆದರೆ ಅದನ್ನೂ ಪೂರ್ತಿ ಅವನ ಖಾತೆಗೇ ಬರೆದರೆ ಅದೇ ತಪ್ಪು ಇನ್ನೊಂದು ದಿಕ್ಕಿನಲ್ಲಿ. ಆ ಮಾರ್ಚ್‌ನಲ್ಲಿ ತಂಡಕ್ಕೆ ಬಂದ ರಿಸೀವರ್ (ಚೆಂಡು ಹಿಡಿಯುವವ) ಸ್ಟೆಫಾನ್ ಡಿಗ್ಸ್ ಒಬ್ಬನೇ 127 ಕ್ಯಾಚ್, 1,535 ಗಜ ಮಾಡಿದ್ದಾನೆ.

ಈಗ ಮೊದಲು ಛೇದವನ್ನೇ, ಅಂದರೆ ಒಟ್ಟು ಎಸೆತಗಳ ಲೆಕ್ಕವನ್ನೇ, ತೊಳೆಯುತ್ತೇನೆ. ಥ್ರೋಅವೇ, ಸ್ಪೈಕ್ (ಗಡಿಯಾರ ನಿಲ್ಲಿಸಲು ನೆಲಕ್ಕೆ ಬಡಿದದ್ದು), ಬ್ಯಾಟೆಡ್ ಬಾಲ್ (ಲೈನ್‌ನಲ್ಲೇ ಕೈಗೆ ಬಡಿದದ್ದು) ಆಚೆಗೆ. ಡ್ರಾಪ್ ಆದದ್ದು ಎಸೆದವನ ಲೆಕ್ಕದಲ್ಲಿ ಸರಿ ಎಸೆತವೇ. ಉಳಿದದ್ದನ್ನು 0–9, 10–19, 20+ ಗಜ ಎಂದು ಬಕೆಟ್ ಮಾಡಿ, ಪ್ರತಿ ಬಕೆಟ್ಟಿನಲ್ಲಿ ಕ್ಲೀನ್ ಪಾಕೆಟ್ (ಎದುರಾಳಿ ಹತ್ತಿರ ಬರದಾಗಿನ ಎಸೆತ) ಬೇರೆ, ಪ್ರೆಷರ್ (ಎದುರಾಳಿ ಮೇಲೆ ಬೀಳುತ್ತಿದ್ದಾಗಿನದು) ಬೇರೆ. ಬೆಳವಣಿಗೆಗೆ ನಂಬುವುದು ಕ್ಲೀನ್ ಪಾಕೆಟ್ ಅಂಕಿಯನ್ನು. ಪ್ರೆಷರ್‌ನಲ್ಲಿ ಬರುವ ಅಂಕಿ ವರ್ಷದಿಂದ ವರ್ಷಕ್ಕೆ ವಿಪರೀತ ಕುಣಿಯುತ್ತದೆ.

ಆಮೇಲೆ ಕಾಲು. ಬಲಗೈ ಎಸೆಗಾರನ ಎಡಗಾಲು ಅತಿ ಮುಂದಕ್ಕೆ ಬಿದ್ದರೆ ಸೊಂಟ ತಿರುಗುವುದಿಲ್ಲ, ಬರೀ ತೋಳಿನ ಬಲದಲ್ಲಿ ಹೋದ ಚೆಂಡು ರಿಸೀವರ್ ತಲೆಯ ಮೇಲೆ ಹಾರುತ್ತದೆ. ಇದಕ್ಕೆ ಎಂಡ್‌ಜೋನ್ (ಮೈದಾನದ ತುದಿಯ) ಆಂಗಲ್ಲೇ ಬೇಕು. ಸೈಡ್‌ಲೈನ್ ಆಂಗಲ್ ಟೈಮಿಂಗ್ ನೋಡಲಿಕ್ಕೆ. ಒಂದೇ ರೂಟ್ (ರಿಸೀವರ್ ಓಡುವ ದಾರಿ), ಒಂದೇ ಡ್ರಾಪ್‌ಬ್ಯಾಕ್ (ಎಸೆಯುವ ಮೊದಲು ಹಿಂದಕ್ಕೆ ಇಡುವ ಹೆಜ್ಜೆ), ಎರಡು ಸೀಸನ್ನಿನ ಕ್ಲಿಪ್ ಅಕ್ಕಪಕ್ಕ ಇಟ್ಟರೆ ಹುಡುಗ ತಿದ್ದಿಕೊಂಡಿದ್ದಾನೋ ಇಲ್ಲವೋ ಗೊತ್ತಾಗುತ್ತದೆ.

ಸ್ಯಾಕ್‌ಗಳನ್ನೂ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿ ಕೆಡವಿದ್ದು) ಹಾಗೇ ಅವನನ್ನು ಕಾಯುವ ಲೈನ್ ತಪ್ಪಿದ್ದು, ಅವನೇ ಚೆಂಡು ಹಿಡಿದು ನಿಂತದ್ದು ಎಂದು ಬೇರೆ ಮಾಡಬೇಕು. ಆಲನ್ 2024ರಲ್ಲಿ ಡಿಗ್ಸ್ ಇಲ್ಲದೆ ಆಡಿದ. ಕಂಪ್ಲೀಷನ್ ಶೇ. 63.6ಕ್ಕೆ ಇಳಿಯಿತು, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) 6, ಸ್ಯಾಕ್ 14. ಎಂವಿಪಿ (ಲೀಗ್‌ನ ಅತ್ಯಮೂಲ್ಯ ಆಟಗಾರ) ಆದದ್ದು ಆ ವರ್ಷ. ನನ್ನ ಹಳೆಯ ಶೀಟ್‌ನಲ್ಲಿ ಸ್ಯಾಕ್‌ಗೆ ಕಾಲಮ್ಮೇ ಇರಲಿಲ್ಲ.