ಬೆಳಗಾವಿ ಥಂಡಿ, ಮಿನಿಯಾಪೊಲಿಸ್ ಥಂಡಿ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ನನ್ನ ತಮ್ಮ, ಗ್ಯಾರೇಜಿನಲ್ಲೊಂದು ಫ್ರಿಜ್ ಇಟ್ಟಿದ್ದಾನೆ. ತಾನೇ ಐಸ್ ಮಾಡೋ ಥರದ್ದು. ಹಿಂದುಗಡೆ ಕಾಲು ಇಂಚಿನ ಸಣ್ಣ ನೀರಿನ ಪೈಪು. ಅಲ್ಲಿನ ಥಂಡಿಗೆ ಅದರೊಳಗಿನ ನೀರು ಗಟ್ಟಿಯಾದರೆ ಏನು ಗತಿ ಅಂತ ಈಗ ಆ ಪೈಪಿನದೇ ಚಿಂತೆ. ಇಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ಸ್ವೆಟರ್ ಹಾಕಿಕೊಂಡು ಥಂಡಿ ಥಂಡಿ ಅಂತೀವಿ, ಆದರೆ ನಲ್ಲಿ ನೀರು ಗಟ್ಟಿಯಾಗಿದ್ದು ಯಾರೂ ಕಂಡಿಲ್ಲ. ಕರೆಂಟ್ ಹೋದರೆ ಫ್ರಿಜ್‌ನ ಐಸ್ ಕರಗುತ್ತಲ್ಲ ಅನ್ನೋದೇ ನಮ್ಮ ಗೋಳು.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪು ಸೀಳುತ್ತದೆ. ಸೋರೋದು ಮಾತ್ರ ಆಮೇಲೆ, ಐಸ್ ಕರಗಿದ ಮೇಲೆ! ಫೋಮ್ ಸುತ್ತಿದರೆ ಸಾಕಲ್ವಾ ಅಂದ. ಸಾಕಾಗಲ್ಲ. ಫೋಮ್ ತಡ ಮಾಡುತ್ತದೆ, ಬಿಸಿ ಕೊಡಲ್ಲ. ಚಳಿಗಾಲ ಮುಗಿಯೋವರೆಗೆ ಐಸ್ ಮೇಕರ್ ಆಫ್ ಮಾಡಿ, ವಾಲ್ವ್ ಬಂದ್ ಮಾಡಿ, ಪೈಪಿನ ನೀರು ಪೂರ್ತಿ ಖಾಲಿ ಮಾಡೋದೇ ವಾಸಿ.

ಇನ್ನೊಂದು ತಮಾಷೆ. ಗ್ಯಾರೇಜೇ ಫ್ರಿಜ್‌ನಷ್ಟು ತಣ್ಣಗಾದರೆ ಸಾಕಷ್ಟು ತಣ್ಣಗಿದೆ ಅಂತ ತಣ್ಣಗೆ ಮಾಡೋ ಕಂಪ್ರೆಸರ್ ಸುಮ್ನೆ ಕೂರುತ್ತದೆ, ಇನ್ನೂ ಹೆಚ್ಚು ಥಂಡಿ ಬೇಕಾದ ಫ್ರೀಜರ್‌ನಲ್ಲಿದ್ದದ್ದು ಮೆತ್ತಗಾಗಬಹುದು. ಅವ್ವ ಕಳಿಸಿದ ಹೋಳಿಗೆ ಅದರೊಳಗೇ ಇದೆಯಂತೆ. ಪೈಪು ಆಮೇಲೆ ನೋಡು, ಮೊದಲು ಹೋಳಿಗೆ ಮನೆಯೊಳಗೆ ತಗೊಂಡು ಹೋಗು ಅಂದೆ.