ಜರಿಯೊಳಗೆ ರೇಷ್ಮೆ, ಮಸ್ಲಿನ್ ಒಳಗೆ ಸ್ಟೀಲು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್, ಅಂದ್ರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಹೊರಗಿನಿಂದ ಥೇಟ್ ನೀರಿನ ಟ್ಯಾಂಕು. ಬೈಗುಳ ಅಲ್ಲ ಇದು, ಕಟ್ಟಡದ ವಿನ್ಯಾಸ ಮಾಡಿದವರೇ ಹಳೇ ಸ್ಟೀಲ್ ಟ್ಯಾಂಕುಗಳನ್ನು ಮನಸ್ಸಲ್ಲಿಟ್ಟುಕೊಂಡು ಗೋಡೆಗೆ ಉಬ್ಬು ಗೀರಿನ ಸ್ಟೀಲ್ ಹಾಳೆ ಹೊದಿಸಿದ್ದಾರೆ. 2023ರಲ್ಲಿ ಬಾಗಿಲು ತೆರೆದದ್ದು. ಸೋಮವಾರ ರಜೆ, ಆ ದಿನ ಹೋಗ್ಬೇಡಿ. ದಾವಣಗೆರೆಯಿಂದ ಬಂದಿದ್ದ ಅತ್ತಿಗೆ ರಸ್ತೆಯಲ್ಲೇ ನಿಂತು, "ಒಳಗೆ ಬಟ್ಟೆ ಇದೆ ಅಂದ್ಯಲ್ಲೋ, ಇದೇನು ಬರೀ ತಗಡು?" ಅಂದರು. ಅವರನ್ನು ಇಡೀ ದಿನ ಸುತ್ತಾಡಿಸೋಕೆ ನಾನು ಒಪ್ಪಿಕೊಂಡ ಷರತ್ತು ಒಂದೇ: ಸಂಜೆ ಚಿಕ್ಕಪೇಟೆಯ ಸೀರೆ ಅಂಗಡಿ.

ಮ್ಯಾಪ್‌ನಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ಅಲ್ಲಿಂದ ಆಟೋದಲ್ಲಿ ಕುಮಾರ ಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದೆವು. ಅಲ್ಲಿ ಒಂದು ಗ್ಯಾಲರಿಯಲ್ಲಿ ತಾಮ್ರದ ತಂತಿಯನ್ನೇ ಮಗ್ಗಕ್ಕೆ ಏರಿಸಿ ನೇಯ್ದ ಕೆಲಸವೊಂದು ತೂಗುಹಾಕಿತ್ತು. ಹತ್ತಿರ ಹೋಗಿ ಒಂದು ಗೇಣು ಜಾಗವನ್ನೇ ತುಂಬಾ ಹೊತ್ತು ನೋಡಿದೆ. ಉದ್ದಕ್ಕೆ ಹೋಗೋ ಹಾಸಿನ ತಂತಿಗಳು ನೆಟ್ಟಗಿವೆ, ಅಡ್ಡಕ್ಕೆ ಹೋಗೋ ಹೊಕ್ಕಿನ ತಂತಿ ಮಾತ್ರ ಪ್ರತಿ ದಾಟಿನಲ್ಲೂ ಒಂದು ಪುಟ್ಟ ಡೊಂಕು ಇಟ್ಟುಕೊಂಡಿದೆ. ಬೆರಳು ಜಾಸ್ತಿ ಆಡಿದ ಕಡೆ ಬಣ್ಣ ಕಪ್ಪಗಾಗಿದೆ. ಅಂಚಿನಲ್ಲಿ ಎರಡು ಕಡೆ ತಂತಿ ಮುರಿದಿತ್ತು, ಅದನ್ನು ಮುಚ್ಚಿಡದೆ ಹಾಗೇ ಬಿಟ್ಟಿದ್ದರು. ನೂಲು ಬಗ್ಗಿಸಿದರೆ ಮತ್ತೆ ಸರಿಹೋಗುತ್ತೆ, ತಾಮ್ರ ಹಾಗಲ್ಲ. ಬಗ್ಗಿಸಿದಷ್ಟೂ ಗಡುಸಾಗುತ್ತಾ ಹೋಗಿ ಕೊನೆಗೆ ಪಟ್ ಅನ್ನುತ್ತೆ, ಮೆತ್ತಗಾಗಬೇಕು ಅಂದ್ರೆ ಮತ್ತೆ ಕಾಯಿಸಬೇಕು. ಹಾಗಾಗಿ ಕೈ ಎಲ್ಲಿ ತಡವರಿಸಿದೆ ಅನ್ನೋದು ಅದರಲ್ಲಿ ಪೂರ್ತಿ ಕಾಣುತ್ತೆ. ಪಕ್ಕದಲ್ಲಿ ಲೇಸರ್‌ನಲ್ಲಿ ಕೊರೆದ ಜಾಲರಿಯೊಂದಕ್ಕೂ ನೇಯ್ಗೆ ಅಂತ ಹೆಸರು ಕೊಟ್ಟಿದ್ದರು. ನನಗೆ ಸೇರಲಿಲ್ಲ. ಒಂದು ಎಳೆ ಇನ್ನೊಂದರ ಮೇಲೆ ಕೆಳಗೆ ಹೋಗಿಲ್ಲ ಅಂದ್ಮೇಲೆ ಅದೆಂಥ ನೇಯ್ಗೆ?

ಪರಿಷತ್ತಿನಲ್ಲೇ ಓದಿದವರು ಶಿಲ್ಪ ಕಲಾವಿದೆ ರಂಜನಿ ಶೆಟ್ಟರ್. ಟೀ ಕುಡೀತಾ ಅವರ 'ಸೆವೆನ್ ಪಾಂಡ್ಸ್ ಅಂಡ್ ಎ ಫ್ಯೂ ರೇನ್‌ಡ್ರಾಪ್ಸ್' ಅನ್ನೋ ಕೃತಿಯನ್ನು ಅತ್ತಿಗೆಗೆ ಫೋನಲ್ಲಿ ತೋರಿಸಿದೆ. 2018ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಕೈಯಲ್ಲಿ ಬಗ್ಗಿಸಿದ ಸ್ಟೀಲಿನ ಮೇಲೆ ಹುಣಸೆಯ ಬಣ್ಣ ಹತ್ತಿಸಿದ ಮಸ್ಲಿನ್ ಬಟ್ಟೆ ಹೊದಿಸಿ, ತುಂಡು ತುಂಡಾಗಿ ಗಾಳಿಯಲ್ಲಿ ತೂಗುಬಿಟ್ಟಿರೋದು. ಹುಣಸೆ ಅಂದ ತಕ್ಷಣ ಅತ್ತಿಗೆ ಕಿವಿ ನೆಟ್ಟಗಾಯ್ತು. ಕೊಪ್ಪಳ ಕಡೆಯ ಕಿನ್ನಾಳದ ಮರದ ಗೊಂಬೆಗೂ ಹುಣಸೆ ಬೀಜದ ಅಂಟು ಹಾಕ್ತಾರಲ್ಲ, ಅವರ ತವರಿನ ಕಡೆ ಅದೆಲ್ಲ ಗೊತ್ತು. ಘಾನಾ ಮೂಲದ ಕಲಾವಿದ ಎಲ್ ಅನಾಟ್ಸುಯಿ ಕೆಲಸವನ್ನೂ ತೋರಿಸಿದೆ. ಹೆಂಡದ ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಕಟ್ಟಿ, ಗೋಡೆ ತುಂಬಾ ನೆರಿಗೆ ಬೀಳೋ ಹಾಗೆ ಇಳಿಬಿಡುತ್ತಾರೆ. 2015ರಲ್ಲಿ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಸಿಕ್ಕಿದ್ದು ಅವರಿಗೇ. "ಕುಡುಕರ ಕಸದಲ್ಲಿ ಇಷ್ಟು ಚಂದನಾ!" ಅಂತ ಅತ್ತಿಗೆ ಎರಡೆರಡು ಸಲ ಝೂಮ್ ಮಾಡಿ ನೋಡಿದರು.

ಮಧ್ಯಾಹ್ನ ಕಬ್ಬನ್‌ಪೇಟೆ. ಅಲ್ಲಿ ಗಲ್ಲಿಗೆ ಕಾಲಿಟ್ಟರೆ ಮೊದಲು ಸಿಗೋದು ಸದ್ದು. ಮನೆಯ ಕೆಳಗಿನ ರೂಮಲ್ಲಿ ಪವರ್ ಲೂಮ್, ಮೇಲೆ ಸಂಸಾರ. ಪರಿಚಯದವರು ಹೇಳಿಟ್ಟಿದ್ದರಿಂದ ಒಬ್ಬ ಹಿರಿಯ ನೇಕಾರರು ಒಳಗೆ ಬಿಟ್ಟರು. ಮಗ್ಗದ ಮೇಲೆ ಜಕಾರ್ಡ್‌ನ, ಅಂದ್ರೆ ಚಿತ್ತಾರ ಮೂಡಿಸೋ ಸಾಧನದ, ತೂತು ಹೊಡೆದ ರಟ್ಟುಗಳು ಒಂದೊಂದೇ ಇಳೀತಿದ್ದವು, ಮಾತು ಕೇಳಿಸಬೇಕು ಅಂತ ಅವರು ಮಗ್ಗ ನಿಲ್ಲಿಸಿದರು. ಪಾಪ, ನಿಂತಷ್ಟು ಹೊತ್ತೂ ಅವರಿಗೆ ನಷ್ಟವೇ.

ಜರಿ ಹೇಗಿರುತ್ತೆ ಅಂತ ಕೇಳಿದೆ. ಒಂದು ಎಳೆ ಕಿತ್ತು, ಉಗುರಲ್ಲಿ ಕೆದಕಿ, ಹೊರಗಿನ ಹೊಳಪನ್ನು ಬಿಚ್ಚಿದರು. ಕೂದಲಿಗಿಂತ ತೆಳು ಲೋಹದ ಪಟ್ಟಿ ಸುರುಳಿಯಾಗಿ ಬಿಚ್ಚಿಕೊಳ್ತಾ ಬಂತು, ಒಳಗೆ ಉಳಿದದ್ದು ರೇಷ್ಮೆ ಎಳೆ. "ಎಳೆತ ಎಲ್ಲ ರೇಷ್ಮೆದು ಸಾರ್, ಬೆಳ್ಳಿದು ಬರೀ ಶೋಕಿ," ಅಂದರು. ಈಗ ಪೇಟೆಯಲ್ಲಿ ಪ್ಲಾಸ್ಟಿಕ್ ಜರಿಯೇ ಜಾಸ್ತಿಯಂತೆ. ಅತ್ತಿಗೆ ತಮ್ಮ ಮೈಸೂರು ಸಿಲ್ಕ್ ಸೀರೆಯ ಸೆರಗು ಮುಂದೆ ಹಿಡಿದರು. ಮೈಸೂರು ಸಿಲ್ಕ್ ನೇಯೋ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತೆ. ನೇಕಾರರು ಮುಟ್ಟಿ ನೋಡಿ ತಲೆಯಾಡಿಸಿದರು, ಅತ್ತಿಗೆಗೆ ಅಷ್ಟು ಸಾಕಾಯ್ತು.

ನನ್ನ ತಲೆಯಲ್ಲಿ ಆ ತಾಮ್ರದ ಕೆಲಸ ಓಡ್ತಾ ಇತ್ತು. ಲೋಹ ನೇಯೋದು ಹೊಸ ಪ್ರಯೋಗ ಅಂತ ಗ್ಯಾಲರಿಯ ಗೋಡೆ ಮೇಲೆ ಬರೆದಿದ್ದರು. ಈ ಪೇಟೆಯಲ್ಲಿ ತಲೆಮಾರುಗಳಿಂದ ನೇಯ್ತಿದ್ದಾರಲ್ಲ! ಹೊಸದು ಬೇರೆಯೇ. ಜರಿಯಲ್ಲಿ ರೇಷ್ಮೆ ಒಳಗಿದ್ದು ಭಾರ ಹೊರುತ್ತೆ. ಶೆಟ್ಟರ್ ಅದನ್ನು ತಿರುಗಾ ಮುರುಗಾ ಮಾಡಿ ಸ್ಟೀಲಿಗೆ ಭಾರ ಹೊರಿಸಿ ಬಟ್ಟೆಯನ್ನು ಮೇಲಿಟ್ಟರು. ತಾಮ್ರ ನೇಯ್ದವರು ಒಳಗಿನ ನೂಲನ್ನೇ ತೆಗೆದುಬಿಟ್ಟು, ಎಳೆತವನ್ನೂ ನೀನೇ ತಾಳ್ಕೋ ಅಂತ ಲೋಹಕ್ಕೇ ಬಿಟ್ಟಿದ್ದಾರೆ. ಅದಕ್ಕೇ ಅಲ್ವಾ ಎರಡು ಕಡೆ ಮುರಿದಿದ್ದು.

ಫೋನಲ್ಲಿದ್ದ ಆ ತಾಮ್ರದ ಕೆಲಸದ ಫೋಟೋವನ್ನು ನೇಕಾರರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಹಾಸು ಸಡಿಲ ಬಿಟ್ಟಿದಾರೆ."

"ಬೇಕು ಅಂತಲೇ ಬಿಟ್ಟಿರಬೇಕು, ಯಜಮಾನ್ರೇ."

"ಇರಬಹುದು. ಮಡಚೋಕೆ ಆಗುತ್ತಾ?"

ಆಗಲ್ಲ ಅಂದೆ. "ನಮ್ಮದೂ ಹಾಗೇ. ಒಂದೇ ಮಡಿಕೇಲಿ ವರ್ಷಗಟ್ಟಲೆ ಇಟ್ರೆ ಜರಿ ಅಲ್ಲೇ ಸೀಳುತ್ತೆ. ಬೀರುವಿಂದ ತೆಗೆದು ಮಡಿಕೆ ಬದಲಾಯಿಸ್ತಾ ಇರಬೇಕಮ್ಮ," ಅಂತ ಅತ್ತಿಗೆ ಕಡೆ ತಿರುಗಿ ಹೇಳಿ ಸ್ವಿಚ್ ಹಾಕಿದರು. ಮತ್ತೆ ಸದ್ದು ಶುರುವಾಯ್ತು, ನಾವು ಚಿಕ್ಕಪೇಟೆ ಕಡೆ ಹೊರಟೆವು.